ಕೌದಿಯ ಹೊಟ್ಟೆ ತುಂಬುವ ಮುನ್ನ

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ನಮ್ಮ ಮನೆಗಳಲ್ಲಿ ಹಿರಿಯರು ಕೌದಿಯೆನ್ನುವುದನ್ನು ಶಾಲೆಯಿಂದ ಬಂದ ಮಕ್ಕಳು ಗೋಧಡಿಯೆನ್ನುತ್ತಾರೆ. ಹೆಸರಿನ ಬಗೆಗೆ ನಮಗೆ ತಕರಾರಿಲ್ಲ. ಹೊಲಿಯುವ ಕೈಗಳು ವಿರಳವಾಗುತ್ತಿರುವುದೇ ನಮ್ಮ ಚಿಂತೆ.

ಕೌದಿಗೆ ಹೊಸ ಅರಿವೆ ಸಲ್ಲದು. ಹೊಸ ಹತ್ತಿಬಟ್ಟೆ ಮೊದಲ ಒಗೆತದಲ್ಲಿಯೇ ಕುಗ್ಗಿ ಪಕ್ಕದ ತುಂಡನ್ನೂ ಸುಕ್ಕುಗಟ್ಟಿಸುತ್ತದೆ. ಉಟ್ಟು ಒಗೆದು ಮೆತ್ತಗಾದ ಇಳಕಲ್ ಸೀರೆ, ಧೋತರಗಳೇ ಲೇಸು. ಪಾಲಿಯೆಸ್ಟರ್ ಬೆವರನ್ನು ಹೀರದು, ಸೂಜಿಯಡಿ ಜಾರುತ್ತದೆ. ಆದುದರಿಂದ ಪೆಟ್ಟಿಗೆಯ ತಳದಲ್ಲಿರುವ ಅಜ್ಜಿಯ ನೂಲಿನ ಸೀರೆಯನ್ನು ಪಾತ್ರೆ ಮಾರುವವಳಿಗೆ ಒಂದು ಸ್ಟೀಲ್ ಡಬ್ಬಿಗಾಗಿ ಕೊಟ್ಟುಬಿಡಬೇಡಿರೆಂದು ಸೋದರಿಯರಲ್ಲಿ ನಮ್ಮ ವಿನಂತಿ. ಅಂತಹ ಸೀರೆ ಮತ್ತೆ ದೊರೆಯದು.

ಅಡಿಗೆ ಸೀರೆ ಹಾಸಿ, ಮೇಲೆ ಧೋತರದ ಪದರ ಹರಡಿ, ಸುಕ್ಕು ತೆಗೆದು ಅಲ್ಲಲ್ಲಿ ದೊಡ್ಡ ಟಾಕು ಹಾಕಿರಿ. ಬಳಿಕ ಬಣ್ಣದ ತುಂಡುಗಳ ಅಂಚನ್ನು ಒಳಮಡಿಸಿ ಕೂರಿಸುತ್ತ, ಹೊರ ಅಂಚಿನಿಂದ ಸುತ್ತುಸುತ್ತಾಗಿ ನಡುವಿನತ್ತ ಹೊಲಿಯುತ್ತ ಬರಬೇಕು. ಸಾಲುಗಳ ನಡುವೆ ಬೆರಳಗಲಕ್ಕಿಂತ ಹೆಚ್ಚು ಬಿಟ್ಟರೆ ಒಗೆಯುವಾಗ ಒಳಪದರ ಮುದ್ದೆಯಾದೀತು. ಇಬ್ಬರು ಕೂಡಿ ಹೊಲಿದರೆ ಕೆಲಸ ಬೇಗ ಸಾಗುತ್ತದೆ. ಆದರೆ ಒಬ್ಬರ ಹೊಲಿಗೆ ಬಿಗಿ, ಇನ್ನೊಬ್ಬರದು ಸಡಿಲವಾಗಬಾರದು. (ಅತ್ತೆ-ಸೊಸೆಯರು ಕುಳಿತಲ್ಲಿ ಹೀಗಾಗುವುದುಂಟು!)

ಮುಗಿಸುವ ರೀತಿ ಊರಿಗೊಂದು. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ತಮ್ಮ ಕವಂದಿಯ ಮೂಲೆಗಳಿಗೆ ಬಟ್ಟೆ ಮಡಿಸಿದ ತ್ರಿಕೋನದ ಹೂ ಹೊಲಿಯುತ್ತಾರೆ. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ನಮ್ಮ ಕಡೆ ಕೆಲವು ಮನೆಗಳಲ್ಲಿ ನಡುವಿನ ಕಡೆಯ ಚೌಕ ಮುಚ್ಚುವ ಮುನ್ನ ರೊಟ್ಟಿಯ ಚೂರನ್ನಿಟ್ಟು ಕೌದಿಯ ಹೊಟ್ಟೆ ತುಂಬುವ ವಾಡಿಕೆಯುಂಟು. ಚೂರು ಚೆನ್ನಾಗಿ ಒಣಗಿರಲಿ. ಇಲ್ಲದಿದ್ದರೆ ಇರುವೆಗಳು ಬಂದಾವು.