ಎಂ.ಪಿ. ಸಾಹೇಬರ ಖಾತೆ ಬರೆಯುವವರು ಯಾರು?

ಲೋಕಸಭಾ ಸದಸ್ಯರೊಬ್ಬರು ಒಳ್ಳೆಯವರೋ ಅಲ್ಲವೋ ಎಂದು ತೂಗಲು ನಮ್ಮ ಕಡೆ ಇರುವುದು ಒಂದೇ ತಕ್ಕಡಿ. ಮನೆಯ ಮದುವೆಗೆ ಬಂದು ಅಕ್ಷತೆ ಹಾಕಿದರೇ? ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿದರೇ? ಊರ ಚೌಕದಲ್ಲಿ ದೊಡ್ಡ ದೀಪದ ಕಂಬ ನಿಲ್ಲಿಸಿದರೇ? ಸತ್ತವರ ಮನೆಗೆ ಹೋಗಿ ಎರಡು ಮಾತಾಡಿದರೇ? ಹೌದೆಂದರೆ ಆ ಮನುಷ್ಯ ಬಂಗಾರ. ಇಲ್ಲವೆಂದರೆ ಮುಂದಿನ ಚುನಾವಣೆಯಲ್ಲಿ ನೋಡಿಕೊಳ್ಳುತ್ತೇವೆ. ಈ ತಕ್ಕಡಿ ಸುಳ್ಳು ತಕ್ಕಡಿ ಎಂಬುದೇ ನನ್ನ ವಾದ. ಲೋಕಸಭಾ ಸದಸ್ಯರ ಕೆಲಸ ಇರುವುದು ಲೋಕಸಭೆಯಲ್ಲಿ. ಅಲ್ಲಿ ಅವರು ಏನು ಕೇಳಿದರು, ಏನು ಮಾತಾಡಿದರು, ಯಾವುದಕ್ಕೆ ಕೈಯೆತ್ತಿದರು ಎಂಬ ಲೆಕ್ಕವನ್ನು ಗಡಿನಾಡಿನ ನಾವು ಕೇಳುವುದೇ ಇಲ್ಲ. ಕೇಳದವರಿಗೂ ಕರೆದು ಲೆಕ್ಕ ಕೊಡುವ ಧರ್ಮರಾಯ ಈ ಕಾಲದಲ್ಲಿ ಹುಟ್ಟಿಲ್ಲ.

ಆ ದೀಪದ ಕಂಬವಾದರೂ ಯಾರ ದುಡ್ಡು? 1993ರ ಡಿಸೆಂಬರಿನಲ್ಲಿ ಶುರುವಾದ ಸಂಸದರ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ 2011–12ರಿಂದ ಒಬ್ಬೊಬ್ಬ ಸದಸ್ಯರ ಹೆಸರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ. ಸದಸ್ಯರು ಶಿಫಾರಸು ಮಾಡುತ್ತಾರೆ, ಜಿಲ್ಲಾಡಳಿತ ಮಂಜೂರು ಮಾಡಿ ಕೆಲಸ ಮಾಡಿಸುತ್ತದೆ. ನಮ್ಮ ತೆರಿಗೆಯ ದುಡ್ಡಿನ ಕಂಬದ ಮೇಲೆ ಅವರ ಹೆಸರು ಓದಿ ನಾವು ಕೃತಾರ್ಥರಾಗುತ್ತೇವೆ.

ನಾನು ನಾರಾಯಣಖೇಡದ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಓದಿದ್ದು ಬಿ.ಎ. ಪಂಡಿತನಲ್ಲ. ದಿನದ ಕೊನೆಗೆ ಜಮೆ–ಖರ್ಚು ಹೊಂದುವ ತನಕ ಮನೆಗೆ ಹೋಗಬಾರದೆಂಬುದು ನನಗೆ ಗೊತ್ತಿರುವ ಶಾಸ್ತ್ರ. ತೆಲುಗು ನೆರಳಿನ ನಾನು, ಮಲಯಾಳದ ನೆರಳಿನಲ್ಲಿರುವ ನಿಮ್ಮ ಈ ವಾರ್ಷಿಕಕ್ಕೆ ಬರೆಯುವುದಕ್ಕೆ ಕಾರಣವಿದೆ. ನಮ್ಮಿಬ್ಬರ ಹಣೆಬರಹ ಬರೆದದ್ದು ಒಂದೇ ಕಾಯ್ದೆ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಬೀದರ ಜಿಲ್ಲೆಯ ನಾರಾಯಣಖೇಡ ತಾಲ್ಲೂಕನ್ನೂ, ನಿರ್ಣಾ ವೃತ್ತ ಬಿಟ್ಟು ಉಳಿದ ಜಹೀರಾಬಾದ ತಾಲ್ಲೂಕನ್ನೂ, ಬೀದರ ತಾಲ್ಲೂಕಿನ ನ್ಯಾಲಕಲ್ ವೃತ್ತವನ್ನೂ, ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳನ್ನೂ ಆಂಧ್ರಪ್ರದೇಶಕ್ಕೆ ಕೊಟ್ಟಿತು. ಅದೇ ಕಾಯ್ದೆ ದಕ್ಷಿಣ ಕನ್ನಡದ ಕಾಸರಗೋಡು ತಾಲ್ಲೂಕನ್ನು ಕೇರಳಕ್ಕೆ ಕೊಟ್ಟಿತು. 1956ರ ನವೆಂಬರ್ 1ರಂದು ಬೆಂಗಳೂರಿನಲ್ಲಿ ಹಬ್ಬವಾಯಿತು. ನಾವು ನೀವು ಬೇಲಿಯ ಆಚೆ ಉಳಿದೆವು. ನಮ್ಮನ್ನು ಹಂಚಿದ ಆ ಕಾಯ್ದೆ ಪಾಸಾದದ್ದು ಸಂಸತ್ತಿನಲ್ಲಿ. ಆದ್ದರಿಂದ ಸಂಸತ್ತಿನಲ್ಲಿ ನಮ್ಮ ಹೆಸರಿನಲ್ಲಿ ಕೂತವರು ಏನು ಮಾಡುತ್ತಾರೆ ಎಂಬುದು ನಮಗೆ ಹೊಟ್ಟೆ ತುಂಬಿದವರ ಹರಟೆಯಲ್ಲ.

2014ರಲ್ಲಿ ಮತ್ತೊಮ್ಮೆ ನಮ್ಮ ರಾಜ್ಯ ಬದಲಾಯಿತು. ಆ ವರ್ಷದ ಫೆಬ್ರವರಿ 18ರಂದು ಲೋಕಸಭೆ ಆಂಧ್ರಪ್ರದೇಶ ಪುನರ್ವಿಂಗಡಣಾ ಮಸೂದೆಯನ್ನು ಅಂಗೀಕರಿಸಿತು. ಜೂನ್ 2ರಂದು ತೆಲಂಗಾಣ ಹುಟ್ಟಿತು. ಹೇಗೆ ಅಂಗೀಕರಿಸಿತು? ಧ್ವನಿಮತದಿಂದ. ಸದನದಲ್ಲಿ ಗದ್ದಲ, ಬಾಗಿಲುಗಳು ಮುಚ್ಚಿದ್ದವು, ದೂರದರ್ಶನದ ನೇರಪ್ರಸಾರವೂ ಆ ಹೊತ್ತಿಗೆ ನಿಂತಿತ್ತು. ತಾಂತ್ರಿಕ ದೋಷ ಎಂದು ಆಮೇಲೆ ಹೇಳಿದರು. ಹೌದು ಎಂದವರು ಯಾರು, ಅಲ್ಲ ಎಂದವರು ಯಾರು ಎಂಬ ಹೆಸರಿನ ಪಟ್ಟಿ ಇಲ್ಲ. ಕೋಟ್ಯಂತರ ಜನರ ರಾಜ್ಯವನ್ನು ಬದಲಾಯಿಸಿದ ಮತಕ್ಕೆ ವೋಚರ್ ಇಲ್ಲ! ನೂರು ರೂಪಾಯಿ ಖಾತೆಯಿಂದ ತೆಗೆಯುವ ಮುದುಕಿಯ ಹೆಬ್ಬೆಟ್ಟನ್ನು ಕೂಡ ಬ್ಯಾಂಕಿನಲ್ಲಿ ನಾವು ಜೋಪಾನವಾಗಿ ಇಡುತ್ತೇವೆ.

ಇದು ಒಂದು ದಿನದ ಮಾತಲ್ಲ. ಲೋಕಸಭೆಯ ಬಹುಪಾಲು ಮಸೂದೆಗಳು ಹೀಗೆಯೇ ಪಾಸಾಗುತ್ತವೆ. ಸಭಾಧ್ಯಕ್ಷರು ಕೇಳುತ್ತಾರೆ, ಸದಸ್ಯರು ಕೂಗುತ್ತಾರೆ, ಯಾವ ಕಡೆಯ ಕೂಗು ಹೆಚ್ಚೆಂದು ಸಭಾಧ್ಯಕ್ಷರು ಹೇಳುತ್ತಾರೆ. ಯಾವನಾದರೂ ಸದಸ್ಯ ಅದನ್ನು ಒಪ್ಪದೆ ಮತವಿಭಜನೆ ಕೇಳಿದರೆ ಮಾತ್ರ ಗಂಟೆ ಬಾರಿಸಿ, ಬಾಗಿಲು ಹಾಕಿ, ಹೆಸರು ಹಿಡಿದು ಮತ ದಾಖಲಿಸುತ್ತಾರೆ. ಅದರಲ್ಲೂ ಒಂದು ಕಿಂಡಿ ಇದೆ. ವಿಭಜನೆ ಅನಗತ್ಯವೆಂದು ಸಭಾಧ್ಯಕ್ಷರಿಗೆ ಅನ್ನಿಸಿದರೆ ಸದಸ್ಯರನ್ನು ಎದ್ದು ನಿಲ್ಲಿಸಿ ತಲೆ ಎಣಿಸಬಹುದು. ಆಗ ಹೆಸರು ಬರೆಯುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ನಾವು ಯಾರಿಂದ ಸಂಸದೀಯ ಪದ್ಧತಿ ಕಲಿತೆವೋ ಆ ಬ್ರಿಟನ್ನಿನ ಕಾಮನ್ಸ್ ಸಭೆ ಮತವಿಭಜನೆಯ ಹೆಸರುಪಟ್ಟಿಯನ್ನು 1836ರಿಂದಲೇ ಅಚ್ಚು ಹಾಕಿಸುತ್ತಿದೆ.

ಹೆಸರು ದಾಖಲಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ಸಂವಿಧಾನ ತಿದ್ದುಪಡಿಗೆ ಮತ ಎಣಿಸಲೇಬೇಕು. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆಗೆ ಪರವಾಗಿ 454, ವಿರುದ್ಧವಾಗಿ 2 ಮತ ಬಿದ್ದವು. ಆ ಎರಡರಲ್ಲಿ ಒಂದು ಹೈದರಾಬಾದಿನ ಸದಸ್ಯ ಅಸಾದುದ್ದೀನ್ ಒವೈಸಿಯವರದು. ಹಿಂದುಳಿದ ವರ್ಗದ ಮತ್ತು ಮುಸ್ಲಿಂ ಮಹಿಳೆಯರಿಗೆ ಒಳಮೀಸಲು ಇಲ್ಲವೆಂಬುದು ಅವರು ಕೊಟ್ಟ ಕಾರಣ. ಒಪ್ಪುವವರು ಒಪ್ಪಲಿ, ಬಯ್ಯುವವರು ಬಯ್ಯಲಿ. ಹೈದರಾಬಾದಿನ ಮತದಾರನಿಗೆ ಬಯ್ಯುವುದಕ್ಕೋ ಹೊಗಳುವುದಕ್ಕೋ ಕೈಯಲ್ಲಿ ಒಂದು ಕಾಗದವಾದರೂ ಇದೆ.

ಆದರೆ ಮತದ ಪಟ್ಟಿಯೇ ಸಿಕ್ಕಿತೆನ್ನಿ. ಅದು ಯಾರ ಮತ? 1985ರಲ್ಲಿ 52ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿತು. ಪಕ್ಷದ ವಿಪ್ಪಿಗೆ ವಿರುದ್ಧವಾಗಿ ಮತ ಹಾಕಿದವನನ್ನು ಪಕ್ಷ ಹದಿನೈದು ದಿನದೊಳಗೆ ಕ್ಷಮಿಸದಿದ್ದರೆ ಅವನ ಸದಸ್ಯತ್ವವೇ ಹೋಗಬಹುದು. ಪಕ್ಷಾಂತರದ ಪಿಡುಗಿಗೆ ಮದ್ದೆಂದು ತಂದದ್ದು, ಸರಿ. ಆದರೆ ಆ ಮದ್ದು ಸದಸ್ಯನ ಕೈಯನ್ನು ಪಕ್ಷದ ಕೈಯಾಗಿ ಮಾಡಿತು. ನಮ್ಮ ಜಹೀರಾಬಾದ ಕ್ಷೇತ್ರವನ್ನೇ ನೋಡಿ. ಕ್ಷೇತ್ರ ಮರುವಿಂಗಡಣೆಯಾದ ಮೇಲೆ 2009ರಲ್ಲಿ ಮೊದಲ ಚುನಾವಣೆ. ಗೆದ್ದವರು ನಮ್ಮ ಖೇಡದವರೇ ಆದ ಕಾಂಗ್ರೆಸ್ಸಿನ ಸುರೇಶ್ ಶೆಟ್ಕಾರ್. 2014ರಲ್ಲೂ 2019ರಲ್ಲೂ ಟಿ.ಆರ್.ಎಸ್.ನಿಂದ ಬಿ.ಬಿ. ಪಾಟೀಲರು. 2024ರ ಮಾರ್ಚಿನಲ್ಲಿ ಪಾಟೀಲರು ಬಿ.ಜೆ.ಪಿ. ಸೇರಿ ಅದೇ ವರ್ಷ ಅದರ ಅಭ್ಯರ್ಥಿಯಾದರು. ಶೆಟ್ಕಾರರು 46,188 ಮತಗಳಿಂದ ಮತ್ತೆ ಗೆದ್ದರು. ಹೀಗೆ ಎರಡು ಹೆಸರು, ಮೂರು ಪಕ್ಷ. ಆ ಚುನಾವಣೆಯಲ್ಲಿ ನಾನು ಕೇಳಿದ ಭಾಷಣಗಳಲ್ಲಿ ಮೋದಿ ಇದ್ದರು, ರೇವಂತ ರೆಡ್ಡಿ ಇದ್ದರು, ಜಾತಿ ಇತ್ತು, ಗ್ಯಾರಂಟಿ ಇತ್ತು. ಹತ್ತು ವರ್ಷ ಸದನದಲ್ಲಿ ಈ ಕ್ಷೇತ್ರಕ್ಕಾಗಿ ಏನು ಕೇಳಲಾಯಿತು ಎಂಬ ಒಂದು ಸಾಲು ಯಾವ ವೇದಿಕೆಯಿಂದಲೂ ನನ್ನ ಕಿವಿಗೆ ಬೀಳಲಿಲ್ಲ. ಹೇಳಲಿಲ್ಲವೆಂದು ಅವರನ್ನು ದೂರುವ ಮೊದಲು, ನಾವು ಕೇಳಿದೆವೇ?

ಮತ ಪಕ್ಷದ್ದು. ಪ್ರಶ್ನೆ ಮಾತ್ರ ಸದಸ್ಯನ ಸ್ವಂತ ಆಸ್ತಿ. ಲಿಖಿತ ಪ್ರಶ್ನೆ ಕೊಟ್ಟದ್ದಕ್ಕೆ ಹತ್ತನೆಯ ಅನುಸೂಚಿ ಯಾರ ಸದಸ್ಯತ್ವವನ್ನೂ ಕಿತ್ತುಕೊಳ್ಳುವುದಿಲ್ಲ. ಹದಿನೈದು ದಿನ ಮೊದಲು ಬರೆದುಕೊಟ್ಟರೆ ಚೀಟಿ ಎತ್ತಿ ಸರದಿ ಗೊತ್ತುಮಾಡುತ್ತಾರೆ. ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ 20. ಅವಕ್ಕೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕು. ಚುಕ್ಕೆಯಿಲ್ಲದವು 230, ಅವಕ್ಕೆ ಲಿಖಿತ ಉತ್ತರ. ಇದಲ್ಲದೆ ಶೂನ್ಯವೇಳೆ ಇದೆ, 377ನೆಯ ನಿಯಮದ ಕೆಳಗೆ ವಿಷಯ ಎತ್ತುವ ದಾರಿ ಇದೆ, ಶುಕ್ರವಾರ ಖಾಸಗಿ ಸದಸ್ಯರ ಮಸೂದೆ ಇದೆ. ಬಾಯಿ ಕಟ್ಟಿದ್ದಾರೆ ಎಂಬ ನೆಪ ಇಲ್ಲಿ ನಡೆಯದು.

ಆದರೂ ಬಾಯಿ ಬಿಡದವರಿದ್ದಾರೆ. 17ನೆಯ ಲೋಕಸಭೆ ಐದು ವರ್ಷದಲ್ಲಿ 274 ದಿನ ಕೂತಿತು. ಅಷ್ಟೂ ಕಾಲ ಒಂದು ಚರ್ಚೆಯಲ್ಲೂ ಮಾತಾಡದ ಒಂಬತ್ತು ಮಂದಿಯಲ್ಲಿ ನಾಲ್ವರು ಕರ್ನಾಟಕದವರೆಂದು 2024ರ ಫೆಬ್ರವರಿಯಲ್ಲಿ ಪತ್ರಿಕೆಗಳು ಬರೆದವು. 1967ರಲ್ಲಿ ಶಿವಮೊಗ್ಗದಿಂದ ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರೆಂದು ನಾವು ಇವತ್ತಿಗೂ ಎದೆ ಉಬ್ಬಿಸುತ್ತೇವೆ. ಅದೇ ಕನ್ನಡನಾಡಿನಿಂದ ಹೋದವರೇ ಮೌನಿಗಳಾದರೆ ಗಡಿಯಾಚೆಯ ನಾವು ಬೆಂಗಳೂರಿನ ಕಡೆ ಬಾಯಿ ತೆರೆದು ಕೂತು ಫಲವೇನು?

ಇಲ್ಲಿ ಓದಿದ ಹುಡುಗರು ಒಂದು ಮಾತು ಹೇಳುತ್ತಾರೆ: “ಅಂಕಲ್, ಪಿ.ಆರ್.ಎಸ್. ಎಂಬ ಸಂಸ್ಥೆ 2005ರಿಂದ ಇದೆ, ಯಾವ ಎಂ.ಪಿ.ಯ ಹಾಜರಿ ಎಷ್ಟು, ಪ್ರಶ್ನೆ ಎಷ್ಟು, ಎಲ್ಲ ಮೊಬೈಲಿನಲ್ಲಿ ಸಿಗುತ್ತದೆ.” ಸಿಗುತ್ತದೆ, ನಾನೂ ನೋಡುತ್ತೇನೆ. ಆ ಸಂಸ್ಥೆ ಮಾಡುವುದು ದೊಡ್ಡ ಉಪಕಾರ. ಆದರೆ ಬರೀ ಶೇಕಡಾವಾರು ನೋಡಿ ಮಣೆ ಹಾಕಬೇಡಿ. ಬಹುಕಾಲ ಹಾಜರಿಯೆಂದರೆ ಪುಸ್ತಕದಲ್ಲಿ ಸಹಿಯಾಗಿತ್ತು. ಸಹಿ ಹಾಕಿ ಹೊರಗೆ ಕಾಫಿ ಕುಡಿದವರೂ ಹಾಜರೆನಿಸುತ್ತಿದ್ದರು. ಮಂತ್ರಿಗಳು ಆ ಪುಸ್ತಕಕ್ಕೆ ಸಹಿಯನ್ನೇ ಹಾಕುತ್ತಿರಲಿಲ್ಲ. 2023ರ ಡಿಸೆಂಬರಿನಲ್ಲಿ ಎರಡೂ ಸದನಗಳಿಂದ 146 ಸದಸ್ಯರನ್ನು ಅಮಾನತು ಮಾಡಿದರು; ಬಾಗಿಲ ಹೊರಗೆ ನಿಂತವರು ಹೇಗೆ ಹಾಜರಾಗಬೇಕು? ಇನ್ನು ಪ್ರಶ್ನೆಗಳ ಎಣಿಕೆ. 2005ರ ಡಿಸೆಂಬರಿನಲ್ಲಿ ದುಡ್ಡು ತಗೊಂಡು ಪ್ರಶ್ನೆ ಕೇಳಿದ್ದಕ್ಕೆ ಲೋಕಸಭೆಯ ಹತ್ತು, ರಾಜ್ಯಸಭೆಯ ಒಬ್ಬ, ಒಟ್ಟು ಹನ್ನೊಂದು ಮಂದಿ ಸದಸ್ಯತ್ವ ಕಳೆದುಕೊಂಡರು. ಬರೀ ಎಣಿಕೆ ನೋಡಿದರೆ ಅವರ ಪ್ರಶ್ನೆಗಳೂ ಪ್ರಶ್ನೆಗಳೇ. ಖಾತೆಯಲ್ಲಿ ಎಷ್ಟು ನಮೂದು ಇದೆ ಎಂದು ನೋಡುವವನು ಗುಮಾಸ್ತನಲ್ಲ. ಯಾರ ಹೆಸರಿಗೆ ಜಮೆಯಾಯಿತು ಎಂದು ನೋಡುವವನು ಗುಮಾಸ್ತ.

ಹಾಗಾದರೆ ನಮ್ಮ ಹೆಸರಿಗೆ ಜಮೆಯಾಗಬೇಕಾದ ಪ್ರಶ್ನೆ ಯಾವುದು? 1956ರಲ್ಲಿ ನಮ್ಮನ್ನು ಹಂಚಿದಾಗಲೇ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಎರಡು ವಿಧಿ ಸೇರಿಸಿದರು. 350 ಎ: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಇರಬೇಕು, ಅದಕ್ಕಾಗಿ ರಾಷ್ಟ್ರಪತಿಗಳು ರಾಜ್ಯಕ್ಕೆ ನಿರ್ದೇಶನ ಕೊಡಬಹುದು. 350 ಬಿ: ನಮಗಾಗಿ ಒಬ್ಬ ವಿಶೇಷ ಅಧಿಕಾರಿ ಇರಬೇಕು, ಅವರ ವರದಿಗಳನ್ನು ಸಂಸತ್ತಿನ ಎರಡೂ ಸದನಗಳ ಮುಂದೆ ಇಡಬೇಕು. ಕೇರಳ 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆಯ ಕಾಯ್ದೆ ಮಾಡಿತು, ತೆಲಂಗಾಣ 2018ರಲ್ಲಿ ತೆಲುಗು ಕಡ್ಡಾಯದ ಕಾಯ್ದೆ ಮಾಡಿತು. ಅವು ವಿಧಾನಸಭೆಯ ಕೆಲಸ. ಅಲ್ಲಿ ಸಂಸದರಿಗೆ ಮತವಿಲ್ಲ. ನೆರೆಯವರ ಭಾಷೆ ಕಲಿಯುವುದಕ್ಕೆ ನನ್ನ ತಕರಾರೂ ಇಲ್ಲ. ನನ್ನ ಮಕ್ಕಳು ತೆಲುಗನ್ನು ಚೆನ್ನಾಗಿ ಓದುತ್ತಾರೆ, ಸಂತೋಷ. ಆದರೆ ಮನೆಯಲ್ಲಿ ದಿನವೆಲ್ಲ ಕನ್ನಡ ಆಡುವ ಅವರು ತಮ್ಮ ಅಜ್ಜನ ಕನ್ನಡ ಕಾಗದವನ್ನು ನನ್ನ ಮುಂದೆ ತಂದು “ಅಪ್ಪಾ, ಏನು ಬರೆದಾರ?” ಎಂದು ಕೇಳುತ್ತಾರೆ. ಇಂಥ ಮನೆಗಳಿಗಾಗಿಯೇ ಇರುವ ಅಧಿಕಾರಿಯ ವರದಿ ಸದನದ ಮೇಜಿನ ಮೇಲೆ ಬಂದಾಗ ಅದನ್ನು ಎತ್ತಿಕೊಂಡು ಕೇಳಬೇಕಾದವರು ನಮ್ಮ ಎಂ.ಪಿ. ನಾರಾಯಣಖೇಡ, ಜಹೀರಾಬಾದ, ತಾಂಡೂರುಗಳಲ್ಲಿ ಕನ್ನಡ ಕಲಿಸುವ ಶಾಲೆ ಎಷ್ಟು, ಶಿಕ್ಷಕರೆಷ್ಟು, 350 ಎ ಕೆಳಗೆ ಯಾವ ಕ್ರಮ ತಗೊಂಡಿರಿ? ಇದು ಮೂರು ಸಾಲಿನ ಪ್ರಶ್ನೆ. ಶಾಲೆ ರಾಜ್ಯದ ಕೈಯಲ್ಲಿದೆ ಎಂದು ಮಂತ್ರಿ ಜಾರಿಕೊಳ್ಳಬಹುದು. ಜಾರಿಕೊಳ್ಳಲಿ. 1976ರಿಂದ ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿದೆ ಎಂದು ಮರುಪ್ರಶ್ನೆ ಹಾಕಬಹುದು. ಆ ಜಾರಿಕೆ ಕೂಡ ಅಚ್ಚಾಗಿ ಉಳಿಯುತ್ತದೆ, ನಾಳೆ ಹೈಕೋರ್ಟಿಗೋ ಪತ್ರಿಕೆಗೋ ತೋರಿಸಲು ಕಾಗದವಾಗುತ್ತದೆ.

“543ರಲ್ಲಿ ಒಬ್ಬರು ಕೇಳಿ ಏನಾದೀತು? ಕನ್ನಡದವರ ಮತ ಎಷ್ಟಿದೆ?” ಎನ್ನುವ ಹಿರಿಯರಿದ್ದಾರೆ. ಜಹೀರಾಬಾದ ಕ್ಷೇತ್ರದಲ್ಲಿ ಏಳು ವಿಧಾನಸಭಾ ಕ್ಷೇತ್ರಗಳಿವೆ, ತಾಂಡೂರಂತೂ ಚೇವೆಳ್ಳ ಲೋಕಸಭಾ ಕ್ಷೇತ್ರದಲ್ಲಿದೆ; ಎಣಿಕೆಯಲ್ಲಿ ನಾವು ಸಣ್ಣವರು, ನಿಜ. ಸಣ್ಣವರಾದ್ದರಿಂದಲೇ ನಮಗೆ ಬೇಕಾದ್ದು ಪ್ರಶ್ನೆ. ಮತದ ಬಲ ಇದ್ದವರು ಕೈಯೆತ್ತಿಸುತ್ತಾರೆ, ಇಲ್ಲದವರು ಬಾಯಿಬಿಡಿಸಬೇಕು. ಇನ್ನು ಕೆಲವರಿಗೆ, ನೆರೆಯ ತೆಲುಗರು ಏನಂದಾರೋ ಎಂಬ ಅಂಜಿಕೆ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಹೊರದೇಶದ ತೊಗರಿ ಯಾವ ಸುಂಕಕ್ಕೆ ಬರಬೇಕೆಂದು ಗೊತ್ತುಮಾಡುವುದು ದೆಹಲಿ. ನ್ಯಾಲಕಲ್, ಝರಾಸಂಗಂ ಮಂಡಲಗಳ ಹನ್ನೆರಡು ಸಾವಿರ ಎಕರೆಗೂ ಮಿಕ್ಕ ಕೈಗಾರಿಕಾ ವಲಯ ಕೇಂದ್ರದ ನೀತಿಯಿಂದ ಬಂದದ್ದು. ಬೀದರದಿಂದ ನಮ್ಮ ಖೇಡದ ಮೇಲೆ ಬೋಧನಕ್ಕೆ ರೈಲು ಬೇಕೆಂಬುದು ಹಳೆಯ ಕೂಗು. ಈ ಮೂರರಲ್ಲಿ ಕನ್ನಡದವನ ತೊಗರಿ ಬೇರೆ, ತೆಲುಗನ ತೊಗರಿ ಬೇರೆ ಎಂದೇನೂ ಇಲ್ಲ. ಲೆಕ್ಕ ಕೇಳುವಾಗ ಅವರನ್ನೂ ಕರೆಯೋಣ. ಕನ್ನಡ ಮಲಯಾಳ ಎರಡನ್ನೂ ಒಂದೇ ಹೊದಿಕೆಯೊಳಗೆ ಅಚ್ಚು ಹಾಕುವ ಈ ವಾರ್ಷಿಕದ ಓದುಗರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಕಾಸರಗೋಡಿನ ಬಂಧುಗಳಿಗೂ ಒಂದು ಮಾತು. 1980ರಿಂದ 1996ರವರೆಗೆ ನಿಮ್ಮನ್ನು ಪ್ರತಿನಿಧಿಸಿದವರು ಎಂ. ರಾಮಣ್ಣ ರೈ ಮತ್ತು ಐ. ರಾಮ ರೈ, ನಿಮ್ಮ ನಡುವಿನವರೇ. ಅವರು ಸದನದಲ್ಲಿ ಕೇಳಿದ್ದನ್ನೆಲ್ಲ ತೆಗೆದು ಒಂದು ಪುಸ್ತಕ ಮಾಡಬಾರದೇ? ಲೋಕಸಭೆಯ ಹಳೆಯ ನಡಾವಳಿಗಳು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿವೆ. ಕಾಲೇಜಿನ ಹುಡುಗಿಯೊಬ್ಬಳು ರಜೆಯಲ್ಲಿ ಕೂತರೆ ಆಗುವ ಕೆಲಸ.

ನಮ್ಮ ಕಡೆ ಮಾಡಬೇಕಾದ್ದೂ ಅಷ್ಟೇ ಸರಳ. ಬಜೆಟ್, ಮಳೆಗಾಲ, ಚಳಿಗಾಲ ಎಂದು ವರ್ಷಕ್ಕೆ ಮೂರು ಅಧಿವೇಶನ. ಪ್ರತಿ ಕನ್ನಡ ಸಂಘ ಒಂದು ನೋಟುಬುಕ್ಕು ಇಡಲಿ. ಅಧಿವೇಶನಕ್ಕೆ ಒಂದು ಹಾಳೆ. ಏನು ಕೇಳಿದರು, ಏನು ಉತ್ತರ ಬಂತು, ಅದರಲ್ಲಿ ನಮ್ಮ ಊರಿನ ಹೆಸರಿತ್ತೇ? ಮತವಿಭಜನೆಯಾಗಿದ್ದರೆ ಯಾವ ಕಡೆ ಇದ್ದರು? ಅಧಿವೇಶನದ ಮೊದಲು ನಾವೇ ಮೂರು ಪ್ರಶ್ನೆ ಬರೆದು ಅವರ ಕೈಗೆ ಕೊಟ್ಟು ಸ್ವೀಕೃತಿ ಪಡೆಯೋಣ. ಕೇಳಿದರೆ ಹಾರ ಹಾಕೋಣ, ಪಕ್ಷ ಯಾವುದಾದರೂ ಸರಿ. ಕೇಳದಿದ್ದರೆ ನವೆಂಬರ್ 1ರ ಸಭೆಗೆ ಅವರನ್ನೇ ಮುಖ್ಯ ಅತಿಥಿಯಾಗಿ ಕರೆದು, ಶಾಲು ಹೊದಿಸುವ ಮೊದಲು ಆ ಖಾಲಿ ಹಾಳೆಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದೋಣ.