‘ಉಳುತ್ತಿದ್ದೆವು’ ಎಂದರೆ ಯಾವಾಗ?

ಮುಂಡಗೋಡ ತಾಲೂಕಿನ ಅತ್ತಿವೇರಿಯ ಪಕ್ಷಿಧಾಮವನ್ನು ಕುರಿತು ವಿದ್ಯಾರ್ಥಿಯೊಬ್ಬನು ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುತ್ತಾನೆಂದು ಇಟ್ಟುಕೊಳ್ಳೋಣ. ಅದರ ಮೊದಲ ವಾಕ್ಯ ಹೀಗೆ: ‘ಮೈ ಗ್ರ್ಯಾಂಡ್‌ಫಾದರ್ ವಾಸ್ ಗೋಯಿಂಗ್ ಟು ಅತ್ತಿವೇರಿ ಎವ್ರಿ ಸಂಡೇ.’ ‘ನಮ್ಮ ಅಜ್ಜ ಪ್ರತಿ ರವಿವಾರ ಅತ್ತಿವೇರಿಗೆ ಹೋಗುತ್ತಿದ್ದರು’ ಎಂಬ ನಿರ್ದುಷ್ಟವಾದ ಕನ್ನಡ ವಾಕ್ಯದ ಪದಶಃ ಅನುವಾದವಿದು. ಕನ್ನಡದಲ್ಲಿ ಸಲ್ಲುವುದು ಇಂಗ್ಲಿಷಿನಲ್ಲಿ ಏಕೆ ಸಲ್ಲದು? ಅಧ್ಯಾಪಕರು ಕೆಂಪು ಶಾಯಿಯಲ್ಲಿ ಗೀಟೆಳೆದು ‘ವೆಂಟ್’ ಎಂದು ತಿದ್ದಿಬಿಡುತ್ತಾರೆ. ಕಾರಣವನ್ನು ಬಿಡಿಸಿ ಹೇಳುವಷ್ಟು ವ್ಯವಧಾನ ಎಲ್ಲರಿಗೂ ಇರುವುದಿಲ್ಲ.

‘ಹೋಗುತ್ತಾ’ ಎಂಬ ಕೃದಂತಾವ್ಯಯಕ್ಕೆ ‘ಇರು’ ಧಾತುವಿನ ಭೂತರೂಪವಾದ ‘ಇದ್ದರು’ ಸೇರಿ ನಮ್ಮ ‘ಹೋಗುತ್ತಿದ್ದರು’ ಆಗಿದೆ. ಇಂಗ್ಲಿಷಿನ ಅಪೂರ್ಣ ಭೂತಕಾಲವೂ, ಎಂದರೆ ‘ಪಾಸ್ಟ್ ಕಂಟಿನ್ಯುಯಸ್’ ಎಂಬುದೂ, ‘ವಾಸ್’ ಮತ್ತು ‘ಗೋಯಿಂಗ್’ ಎಂಬ ಅಂಥವೇ ಎರಡು ತುಂಡುಗಳ ಜೋಡಣೆ. ರೂಪದಲ್ಲಿ ಇವೆರಡೂ ಅವಳಿಗಳೆಂದೇ ತೋರುತ್ತವೆ. ಮೋಸವಿರುವುದು ಅಲ್ಲಿಯೇ. ನಮ್ಮ ರೂಪವು ಎರಡು ಕೆಲಸಗಳನ್ನು ಮಾಡುತ್ತದೆ. ‘ನಾನು ಹೋದಾಗ ಬೆಳ್ಳಕ್ಕಿಗಳು ಗೂಡು ಕಟ್ಟುತ್ತಿದ್ದವು’ ಎಂದರೆ ಒಂದು ದಿನ ಕಣ್ಣಿಗೆ ಬಿದ್ದ ನೋಟ. ‘ಆ ಕಾಲದಲ್ಲಿ ಬೆಳ್ಳಕ್ಕಿಗಳು ಈ ಮರದಲ್ಲಿಯೇ ಗೂಡು ಕಟ್ಟುತ್ತಿದ್ದವು’ ಎಂದರೆ ವರ್ಷವರ್ಷವೂ ನಡೆದುಬಂದ ರೂಢಿ. ಕ್ರಿಯಾಪದದಲ್ಲಿ ಒಂದಕ್ಷರವೂ ವ್ಯತ್ಯಾಸವಿಲ್ಲ; ಅರ್ಥದ ಭಾರವನ್ನು ‘ಹೋದಾಗ’, ‘ಆ ಕಾಲದಲ್ಲಿ’ ಎಂಬ ಮಾತುಗಳೇ ಹೊರುತ್ತವೆ. ಇಂಗ್ಲಿಷ್ ಈ ಎರಡನ್ನೂ ಬೇರೆ ಬೇರೆ ಮನೆಗಳಲ್ಲಿ ಇರಿಸುತ್ತದೆ. ಮೊದಲನೆಯದು ‘ವರ್ ಬಿಲ್ಡಿಂಗ್’; ಎರಡನೆಯದು ‘ಯೂಸ್ಡ್ ಟು ಬಿಲ್ಡ್’, ಇಲ್ಲವೆ ಬರಿದೆ ‘ಬಿಲ್ಟ್’. ಸಂದೇಹ ಬಂದಾಗ ಕನ್ನಡ ಕ್ರಿಯಾಪದದ ಹಿಂದೆ ‘ಆ ಗಳಿಗೆಯಲ್ಲಿ’ ಎಂದು ಸೇರಿಸಿ ನೋಡಬೇಕು. ಅದು ಹೊಂದಿದರೆ ‘ವಾಸ್’ ಬರಲಿ. ‘ಆಗೆಲ್ಲ’ ಎಂಬುದು ಹೊಂದಿದರೆ ಬೇಡ.

ಒಂದು ಅಪವಾದವುಂಟು. ‘ಹಿ ವಾಸ್ ಆಲ್ವೇಸ್ ಬಾರೋಯಿಂಗ್ ಮೈ ಅಂಬ್ರೆಲಾ’ ಎಂದು ಇಂಗ್ಲಿಷರೂ ಹೇಳುವುದುಂಟು. ಇದೂ ರೂಢಿಯೇ; ಆದರೆ ಛತ್ರಿ ಕೊಟ್ಟವನ ಬೇಸರವೂ ಈ ವಾಕ್ಯದಲ್ಲಿ ಬೆರೆತಿದೆ. ನಾವು ‘ಯಾವಾಗ ನೋಡಿದರೂ’ ಎಂದು ರಾಗ ಎಳೆಯುವ ಕಡೆ ಅವರು ಈ ರೂಪವನ್ನು ಬಳಸುತ್ತಾರೆ.

ಅಪೂರ್ಣ ಭೂತಕ್ಕೆ ಸಾಮಾನ್ಯವಾಗಿ ಒಂದು ಆಸರೆ ಬೇಕು: ಒಂದು ಗಳಿಗೆ, ಇಲ್ಲವೆ ನಡುವೆ ಬಂದೊದಗಿದ ಇನ್ನೊಂದು ಘಟನೆ. ‘ವೆನ್ ದಿ ಬಸ್ ಕೇಮ್, ವಿ ವರ್ ಈಟಿಂಗ್’ ಎಂದರೆ ಬಸ್ಸು ಬಂದಾಗ ಕೈ ಎಲೆಯ ಮೇಲಿತ್ತು. ‘ವಿ ಏಟ್’ ಎಂದರೆ ಬಸ್ಸು ಬಂದಮೇಲೆ ಊಟ. ಬುತ್ತಿ ಕಟ್ಟಿಕೊಂಡು ಹೊರಟವರಿಗೆ ಈ ಅಂತರ ಸಣ್ಣದಲ್ಲ.

ಇದು ಪರೀಕ್ಷೆಯ ಅಂಕಗಳ ಮಾತಷ್ಟೇ ಆಗಿದ್ದರೆ ಇಷ್ಟು ಬೆಳೆಸಬೇಕಾಗಿರಲಿಲ್ಲ. ದೇವರಾಜ ಅರಸು ಅವರ ಆಡಳಿತದಲ್ಲಿ ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಆ ದಿನಕ್ಕೆ ನಿಕಟಪೂರ್ವದಲ್ಲಿ ಗೇಣಿದಾರರ ಸ್ವಾಧೀನದಲ್ಲಿದ್ದ ಜಮೀನುಗಳು ಸರಕಾರಕ್ಕೆ ಸೇರಿದವು. ಗೇಣಿದಾರನು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ತನ್ನ ಹಕ್ಕನ್ನು ಸ್ಥಾಪಿಸಬೇಕಾಯಿತು. ಗೇಣಿದಾರರು ಬಹಳವಾಗಿದ್ದ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು ಎಷ್ಟೋ ಮನೆಗಳ ಅನ್ನದ ಪ್ರಶ್ನೆಯಾಗಿತ್ತು. ಅಂಥ ರೈತನೊಬ್ಬನು ‘ಈ ಗದ್ದೆಯನ್ನು ನಾವೇ ಉಳುತ್ತಿದ್ದೆವು’ ಎಂದು ಹೇಳಿಕೆ ಕೊಟ್ಟನೆಂದು ಭಾವಿಸಿರಿ. ಕನ್ನಡದ ಕಿವಿಗೆ ಇದು ತುಂಬಿದ ಮಾತು. ವ್ಯಾಜ್ಯ ರಿಟ್ ಅರ್ಜಿಯಾಗಿ ಹೈಕೋರ್ಟಿನ ಮೆಟ್ಟಿಲೇರಿ, ಆ ಹೇಳಿಕೆ ಇಂಗ್ಲಿಷಿಗೆ ಇಳಿಯುವಾಗ ಏನಾಗಬೇಕು? ‘ವಿ ಯೂಸ್ಡ್ ಟು ಕಲ್ಟಿವೇಟ್’ ಎಂದರೆ ‘ಒಂದು ಕಾಲಕ್ಕೆ ಉಳುತ್ತಿದ್ದರು, ಅನಂತರ ಬಿಟ್ಟರು’ ಎಂಬ ವಾಸನೆ ಬರುತ್ತದೆ. ಎದುರುಪಕ್ಷದ ವಕೀಲನಿಗೆ ಅಷ್ಟೇ ಸಾಕು. ತಾರೀಖನ್ನು ಜೊತೆಗಿಟ್ಟು ‘ವಿ ವರ್ ಕಲ್ಟಿವೇಟಿಂಗ್’ ಎಂದರೆ ಸಾಗುವಳಿ ಆ ದಿನವೂ ಮುರಿಯದೆ ಸಾಗಿತ್ತೆಂದು ಅರ್ಥ.

‘ಮಳೆಯನ್ನೇ ನಂಬಿದ ಗದ್ದೆಯಲ್ಲಿ ಮಾರ್ಚ್ ಒಂದರಂದು ನೇಗಿಲೆಲ್ಲಿತ್ತು? ಸುಗ್ಗಿ ಮುಗಿದು ಕೂಳೆ ಒಣಗಿತ್ತಲ್ಲ?’ ಎಂದು ಯಾರಾದರೂ ಕೇಳಬಹುದು. ವ್ಯಾಕರಣದಲ್ಲಿ ಇದಕ್ಕೆ ಉತ್ತರವಿದೆ. ‘ಆ ವರ್ಷ ಆಕೆ ಕಾದಂಬರಿ ಬರೆಯುತ್ತಿದ್ದಳು’ ಎಂಬುದನ್ನು ಇಂಗ್ಲಿಷಿನಲ್ಲಿಯೂ ‘ವಾಸ್ ರೈಟಿಂಗ್’ ಎಂದೇ ಹೇಳುತ್ತಾರೆ. ಆಕೆ ಊಟಕ್ಕೂ ನಿದ್ರೆಗೂ ಏಳಲಿಲ್ಲವೆಂದು ಅದರ ಅರ್ಥವಲ್ಲ. ಕೆಲಸ ಮುಗಿದಿರಬಾರದು, ಕೈಬಿಟ್ಟಿರಬಾರದು. ನಡುವೆ ಬಿಡುವಿದ್ದರೆ ಬಾಧಕವಿಲ್ಲ. ಎರಡು ಬೆಳೆಗಳ ನಡುವಣ ಬಿಡುವು ಅಂಥದ್ದೇ.

‘ಐ ವಾಸ್ ನೋಯಿಂಗ್ ಹಿಮ್’ ಎಂಬ ಪ್ರಯೋಗದ ಬಗೆಗೆ ಒಂದು ಮಾತು. ಇದಕ್ಕೆ ಕನ್ನಡವನ್ನು ದೂರುವಂತಿಲ್ಲ. ನಾವು ‘ಬಲ್ಲೆ’ ಎನ್ನುತ್ತೇವೆ, ‘ಗೊತ್ತಿತ್ತು’ ಎನ್ನುತ್ತೇವೆ. ‘ಬಲ್ಲುತ್ತಿದ್ದೆ’ ಎಂದು ಯಾರೂ ಹೇಳರು. ಅರಿವು ಒಂದು ಸ್ಥಿತಿ, ನಡೆಯುವ ಕ್ರಿಯೆಯಲ್ಲ ಎಂಬಲ್ಲಿ ಎರಡು ಭಾಷೆಗಳೂ ಒಮ್ಮತದಲ್ಲಿವೆ. ‘ಇಷ್ಟಪಡುತ್ತಿದ್ದೆ’ಯಲ್ಲಿ ಮಾತ್ರ ನಮ್ಮ ದಾರಿ ಬೇರೆ, ಅದನ್ನು ‘ವಾಸ್ ಲೈಕಿಂಗ್’ ಮಾಡದೆ ‘ಲೈಕ್ಡ್’ ಎಂದೇ ಬರೆಯಬೇಕು.

ಮಕ್ಕಳಿಗೆ ಅಭ್ಯಾಸ ಮಾಡಿಸುವವರು ಈ ವಾಕ್ಯವನ್ನು ಕೊಟ್ಟು ನೋಡಬಹುದು: ‘ಅವ್ವ ಬೀಸುತ್ತ ಹಾಡುತ್ತಿದ್ದಳು.’ ಇಂಗ್ಲಿಷಿಗೆ ತರುವ ಮೊದಲು, ಇದು ಒಂದು ನಸುಕಿನ ಮಾತೋ ಎಷ್ಟೋ ನಸುಕುಗಳ ಮಾತೋ ಎಂದು ಅವರೇ ನಿಮ್ಮನ್ನು ಕೇಳಬೇಕು.