ಪರದೆ ಹಾಕೋ ಕೆಲಸ ಅಲ್ಲ ಮಾವ!

‘ಬಿಇ ಓದಿ ಕೊನೆಗೆ ಪರದೆ ಹಾಕೋ ಕೆಲಸಕ್ಕೆ ಹೋಗ್ತೀಯಾ?’

ದೀಪಾವಳಿಗೆ ಊರಿಗೆ ಹೋದಾಗ ಮಾವ ಕೇಳಿದ ಪ್ರಶ್ನೆಯಿದು. ನಾನು ಮೆಕ್ಯಾನಿಕಲ್ ಮೂರನೇ ವರ್ಷದಲ್ಲಿದ್ದೇನೆ. ಬಿಇ ಮುಗಿದ ಮೇಲೆ ಸೀಡ್ ಪರೀಕ್ಷೆ ಬರೆದು ಡಿಸೈನ್ ಓದಬೇಕು, ಯಾಟ್ ಎಂದು ಕರೆಯುವ ಐಷಾರಾಮಿ ವಿಹಾರನೌಕೆಗಳ ಒಳಾಂಗಣ ವಿನ್ಯಾಸ ಮಾಡಬೇಕು ಎಂಬ ಆಸೆಯನ್ನು ಅಂದು ಬಾಯಿಬಿಟ್ಟಿದ್ದೆ. ನನ್ನ ಶಿಕ್ಷಣ ಸಾಲಕ್ಕೆ ಜಾಮೀನು ನಿಂತವರು ಮಾವ. ಹಾಗಾಗಿ ಅವರ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿರಲಿಲ್ಲ. ಬಡಗಿಯಾದ ಅಪ್ಪ ಮಾತ್ರ ಏನೂ ಹೇಳದೆ ಬಾಗಿಲಿನ ಅಂಚಿಗೆ ಕೀಸುಳಿ ಹೊಡೆಯುತ್ತಲೇ ಇದ್ದರು. ಮಾವನ ಮಾತಿಗಿಂತ ಆ ಮೌನವೇ ಹೆಚ್ಚು ಚುಚ್ಚಿತು.

ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೀಗೆ ಯೋಚಿಸುವವರು ಮಾವ ಒಬ್ಬರೇ ಅಲ್ಲ. ಹಾಸ್ಟೆಲ್‌ನಲ್ಲಿ ಯಾಟ್ ವಿಡಿಯೊ ನೋಡುವಾಗ ಗೆಳತಿಯರೂ ‘ಓನರ್ ದುಡ್ಡು ಸುರಿದ, ಡಿಸೈನರ್ ಚಿನ್ನ ಅಂಟಿಸಿದ, ಅಷ್ಟೇ’ ಎಂದು ನಗುತ್ತಾರೆ. ಎಂಜಿನ್ ಕಟ್ಟುವುದು ಬುದ್ಧಿವಂತರ ಕೆಲಸ, ಸೋಫಾ ಇಡುವುದು ಶೋಕಿಯವರ ಕೆಲಸ ಎಂದು ನಮ್ಮ ನಡುವೆ ನಾವೇ ಗೆರೆ ಎಳೆದುಕೊಂಡಿದ್ದೇವೆ. ನೆಲದ ಮೇಲಿನ ಮನೆಯಲ್ಲಿ ಆ ಗೆರೆ ನಿಂತರೂ ನಿಂತೀತು. ನೀರಿನ ಮೇಲೆ ಮಾತ್ರ ನಿಲ್ಲುವುದಿಲ್ಲ.

ಎರಡನೇ ವರ್ಷದ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ‘ಮೆಟಾಸೆಂಟರ್’ ಪಾಠ ಬರುತ್ತದೆ. ತೇಲುವ ವಸ್ತುವಿನ ಗುರುತ್ವಕೇಂದ್ರ ಆ ಬಿಂದುವಿಗಿಂತ ಕೆಳಗಿದ್ದರೆ ಅದು ವಾಲಿದರೂ ಮತ್ತೆ ನೆಟ್ಟಗಾಗುತ್ತದೆ. ಮೇಲಿದ್ದರೆ ಮಗುಚುತ್ತದೆ. ಲಾರಿ ಇಟ್ಟುಕೊಂಡಿರುವ ಮಾವನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎತ್ತರಕ್ಕೆ ಹೊರೆ ಏರಿಸಿದ ಲಾರಿ ಘಾಟಿಯ ತಿರುವಿನಲ್ಲಿ ಏನಾಗುತ್ತದೆ ಎಂದು ಅವರು ಕಣ್ಣಾರೆ ಕಂಡವರು. ಸ್ವೀಡನ್ನಿನ ರಾಜನ ಯುದ್ಧನೌಕೆ ‘ವಾಸಾ’ಗೆ ಆಗಿದ್ದೂ ಅದೇ. ನೂರಾರು ಕೆತ್ತನೆಗಳಿಂದ ಮೆರೆಯುತ್ತಿದ್ದ ಆ ಹಡಗು 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್‌ನಲ್ಲಿ ಮೊದಲ ಸಲ ಹೊರಟು, ಸುಮಾರು 1,300 ಮೀಟರ್ ಹೋಗುವಷ್ಟರಲ್ಲಿ ಮುಳುಗಿತು. ಅಲಂಕಾರವೊಂದೇ ಕಾರಣವಲ್ಲ, ಮೇಲಿನ ಫಿರಂಗಿಗಳು ಮತ್ತು ಹಡಗಿನ ಆಕಾರವೂ ಸೇರಿ ಮೇಲ್ಭಾಗ ಭಾರವಾಗಿತ್ತು. ಆದರೆ ಹಡಗಿನಲ್ಲಿ ಮೇಲೆ ಇಡುವ ಪ್ರತಿಯೊಂದಕ್ಕೂ ಲೆಕ್ಕ ಕೊಡಬೇಕು ಎಂಬ ಪಾಠ ಮಾತ್ರ ಇಂದಿಗೂ ಹಳೆಯದಾಗಿಲ್ಲ.

ಈಗ ಯಾಟಿಗೆ ಬನ್ನಿ. ಮಾಲೀಕರಿಗೆ ಮೇಲಿನ ಡೆಕ್‌ನಲ್ಲೇ ಅಮೃತಶಿಲೆಯ ಸ್ನಾನದ ಕೋಣೆ ಬೇಕು. 20 ಮಿಲಿಮೀಟರ್ ದಪ್ಪದ ಕಲ್ಲು ಹಾಕಿದರೆ ಒಂದು ಚದರ ಮೀಟರಿಗೆ ಸುಮಾರು 54 ಕಿಲೊ ತೂಕ. 100 ಚದರ ಮೀಟರ್ ಹಾಕಿದರೆ ಐದು ಟನ್ನಿಗೂ ಮೇಲೆ. ಅದಕ್ಕೇ ವಿನ್ಯಾಸಕರು ಕಲ್ಲನ್ನು ತೆಳುವಾಗಿ ಸೀಳಿಸಿ, ಜೇನುಗೂಡಿನಂಥ ಅಲ್ಯೂಮಿನಿಯಂ ಹಲಗೆಗೆ ಅಂಟಿಸುತ್ತಾರೆ. ಮುಟ್ಟಿದರೆ ಅದೇ ಕಲ್ಲು, ತೂಕ ಮಾತ್ರ ಅರ್ಧಕ್ಕಿಂತ ಕಡಿಮೆ. 6 ಮೀಟರ್ ಉದ್ದ, 3 ಮೀಟರ್ ಅಗಲ, 1.2 ಮೀಟರ್ ಆಳದ ಪುಟ್ಟ ಈಜುಕೊಳ ಎಂದರೆ 21 ಟನ್ನಿಗೂ ಹೆಚ್ಚು ನೀರು. ನೌಕೆ ವಾಲಿದ ಕಡೆಗೇ ಆ ನೀರೂ ಓಡುತ್ತದೆ. ಕಡಲು ಕೆರಳಿದಾಗ ಅದನ್ನು ಖಾಲಿ ಮಾಡುವ ದಾರಿಯನ್ನೂ ಮೊದಲೇ ಯೋಚಿಸಿರಬೇಕು.

ಇನ್ನು ಬೆಂಕಿ. ನಡುಗಡಲಿನಲ್ಲಿ ಅಗ್ನಿಶಾಮಕ ವಾಹನ ಬರುವುದಿಲ್ಲ. 12ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ನೌಕೆ ‘ಸೋಲಾಸ್’ ಎಂಬ ಅಂತರರಾಷ್ಟ್ರೀಯ ಸುರಕ್ಷಾ ಒಪ್ಪಂದದ ಪ್ರಕಾರ ಪ್ರಯಾಣಿಕ ಹಡಗಾಗುತ್ತದೆ. ಆಗ ಗೋಡೆಯ ಮರದ ಹೊದಿಕೆ ಎಷ್ಟು ಶಾಖ ಉಗುಳಬಹುದು ಎಂಬುದಕ್ಕೂ ಮಿತಿಯಿದೆ. ಮಾವ ಹೇಳುವ ಆ ‘ಪರದೆ’ಯೂ ಬೆಂಕಿಯ ಪರೀಕ್ಷೆ ಪಾಸಾಗಬೇಕು! ಮೇಜಿನ ಅಂಚಿಗೆ ಪುಟ್ಟ ತಡೆ, ತಾನಾಗಿ ತೆರೆದುಕೊಳ್ಳದ ಡ್ರಾಯರ್, ಉರುಟಾದ ಮೂಲೆ, ಕೈಗೆ ಸಿಗುವಲ್ಲಿ ಹಿಡಿಕೆ, ಕತ್ತಲಲ್ಲೂ ಕಾಣುವ ಹೊರದಾರಿ ಎಲ್ಲವೂ ಅಂದದೊಳಗೇ ಅಡಗಿರಬೇಕು.

ಆದ್ದರಿಂದ ನನ್ನ ಮೊದಲ ವಾದ ಇಷ್ಟೆ: ಒಳಾಂಗಣ ವಿನ್ಯಾಸಕರನ್ನು ನೌಕೆ ಕಟ್ಟಿ ಮುಗಿದ ಮೇಲೆ ಕರೆಯುವುದಲ್ಲ, ಮೊದಲ ಗೆರೆ ಎಳೆಯುವಾಗಲೇ ನೌಕಾ ಎಂಜಿನಿಯರ್ ಪಕ್ಕದಲ್ಲಿ ಕೂರಿಸಬೇಕು. ಸಿಡ್ನಿಯಲ್ಲಿ ಹುಟ್ಟಿ ಲಂಡನ್‌ನಲ್ಲಿ ನೆಲೆಸಿದ ಜಾನ್ ಬ್ಯಾನೆನ್‌ಬರ್ಗ್ ಈ ದಾರಿ ತೋರಿಸಿದವರು. ಪಿಯಾನೊ ಕಲಿತಿದ್ದ ಅವರು 1969ರಲ್ಲಿ ಸಂಚಾರ ಆರಂಭಿಸಿದ ‘ಕ್ವೀನ್ ಎಲಿಜಬೆತ್–2’ ಹಡಗಿನ ಒಳಾಂಗಣದಲ್ಲಿ ಕೆಲಸ ಮಾಡಿದರು. ಆಮೇಲೆ ಯಾಟ್‌ಗಳ ಹೊರರೂಪವನ್ನೂ ಒಳಗನ್ನೂ ಒಂದೇ ಕಲ್ಪನೆಯಾಗಿ ಕಂಡು, ‘ಯಾಟ್ ಡಿಸೈನರ್’ ಎಂಬ ವೃತ್ತಿಗೇ ಗುರುತು ತಂದುಕೊಟ್ಟರು.

‘ಎಲ್ಲ ಸರಿ, ಆದರೆ ಕೋಟ್ಯಧಿಪತಿಗಳ ಶೋಕಿಗೆ ನಿನ್ನ ಓದು ಯಾಕೆ?’ ಎಂದು ನೀವು ಕೇಳಬಹುದು. ಸಾಲದಲ್ಲಿ ಓದುತ್ತಿರುವ ನನಗೂ ಈ ಪ್ರಶ್ನೆ ಕಾಡಿದೆ. ಯಾಟ್ ಮಾಲೀಕರನ್ನು ಹೊಗಳುವ ಉತ್ಸಾಹ ನನಗಿಲ್ಲ. ಆದರೆ ಒಂದು ಯಾಟಿನಲ್ಲಿ ಮಾಲೀಕರು ಇರುವುದು ವರ್ಷದಲ್ಲಿ ಕೆಲವೇ ವಾರ. ಉಳಿದ ದಿನ ಅಲ್ಲಿ ಬದುಕುವವರು ಅಡುಗೆಯವರು, ಡೆಕ್ ತೊಳೆಯುವವರು, ಎಂಜಿನ್ ನೋಡಿಕೊಳ್ಳುವವರು. ಅವರ ಕೋಣೆಗಳು ಸಾಮಾನ್ಯವಾಗಿ ಕೆಳಗೆ, ಇಕ್ಕಟ್ಟಿನಲ್ಲಿ. 2013ರಲ್ಲಿ ಜಾರಿಗೆ ಬಂದ ಕಡಲ ಕಾರ್ಮಿಕರ ಒಡಂಬಡಿಕೆ, ಸಿಬ್ಬಂದಿಯ ಹಾಸಿಗೆ ಕನಿಷ್ಠ 198 ಸೆಂ.ಮೀ. ಉದ್ದ, 80 ಸೆಂ.ಮೀ. ಅಗಲ ಇರಬೇಕು ಎನ್ನುತ್ತದೆ. ಅದು ಕನಿಷ್ಠ ಮಾತ್ರ. ಅದಕ್ಕಿಂತ ಒಂದು ಗೇಣು ಹೆಚ್ಚು ಕೊಡಬೇಕೋ, ಆ ಗೇಣನ್ನೂ ಮಾಲೀಕರ ಬಟ್ಟೆಯ ಕಪಾಟಿಗೆ ಸೇರಿಸಬೇಕೋ ಎಂಬುದು ತೀರ್ಮಾನವಾಗುವುದು ವಿನ್ಯಾಸಕರ ನಕ್ಷೆಯಲ್ಲೇ. ಹಾಸ್ಟೆಲ್ ಕೋಣೆಯಲ್ಲಿ ಮೂವರು ಮಲಗುವ ನನಗೆ ಒಂದು ಗೇಣಿನ ಬೆಲೆ ಗೊತ್ತು.

ಮರದ ಮಾತೂ ಹಾಗೆಯೇ. ಯಾಟಿನ ಡೆಕ್‌ಗೆ ಬರ್ಮಾ ತೇಗವೇ ಶ್ರೇಷ್ಠ ಎಂಬ ನಂಬಿಕೆ ಹಳೆಯದು. ಆದರೆ ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಸಿದುಕೊಂಡ ಮೇಲೆ, 2021ರಲ್ಲಿ ಅಲ್ಲಿನ ಸರ್ಕಾರಿ ಮರದ ಸಂಸ್ಥೆಯ ಮೇಲೆ ಯುರೋಪಿಯನ್ ಒಕ್ಕೂಟ ನಿರ್ಬಂಧ ಹೇರಿದೆ. ನಕ್ಷೆಯಲ್ಲಿ ‘ತೇಗ’ ಎಂದು ಬರೆಯುವ ಕೈ, ಅದು ಯಾವ ಕಾಡಿನ ತೇಗ ಎಂದೂ ಕೇಳಬೇಕು. ಮಾಲೀಕರು ಕೇಳದ ಪ್ರಶ್ನೆಯನ್ನು ಕೇಳುವುದೂ ಈ ಕೆಲಸದ ಭಾಗ ಎಂದು ನಾನು ನಂಬಿದ್ದೇನೆ.

ಕಳೆದ ವಾರ ಅಪ್ಪನಿಗೆ ಫೋನ್ ಮಾಡಿದ್ದೆ. ಮಳೆಗಾಲದಲ್ಲಿ ಉಬ್ಬುತ್ತದೆ ಎಂದು ಅವರು ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಣ್ಣ ಸಂದು ಬಿಡುತ್ತಾರೆ. ಯಾಟಿನ ಮೈಯೂ ಅಲೆಯ ಹೊಡೆತಕ್ಕೆ ಕೊಂಚ ಬಾಗುತ್ತದೆ, ಬಿಗಿಯಾಗಿ ಕೂರಿಸಿದರೆ ಒಳಗಿನ ಮರದ ಹಲಗೆಗಳು ಸೀಳಬಹುದು, ಅದಕ್ಕೆ ಅಲ್ಲೂ ಹಲಗೆಗಳ ನಡುವೆ ತೆಳ್ಳನೆಯ ಸಂದು ಬಿಟ್ಟು, ಅದನ್ನೇ ಅಂದದ ಗೆರೆಯಾಗಿ ಕಾಣಿಸುತ್ತಾರೆ ಎಂದು ವಿವರಿಸಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಹಂಗಾದ್ರೆ ಅದೂ ನಮ್ಮ ಕೆಲಸವೇ ಅನ್ನು ಪುಟ್ಟಿ. ಸಂದು ಎಷ್ಟು ಬಿಡ್ತಾರಂತೆ?’ ಎಂದರು.

ಹುಡುಕಿ ಹೇಳುತ್ತೇನೆ ಎಂದಿದ್ದೇನೆ. ಮಾವನಿಗೆ ಈ ಪುಟವನ್ನು ಅಪ್ಪನೇ ಓದಿ ಹೇಳುತ್ತಾರಂತೆ.